ಸೋತವರೇ ಇಟ್ಟ ಹೆಸರು

ವೀಕ್ಷಕರೇ, ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಸಾವಿರಾರು ಜನರ ಕಣ್ಣೆದುರು ನಿಮ್ಮನ್ನ ಕೆಡವಿ, ನಿಮ್ಮ ತೋಳು ತಿರುಚಿ, ಸೋಲಿಸಿ ಹೋದವನೊಬ್ಬ ಇದ್ದಾನೆ ಅಂದುಕೊಳ್ಳಿ. ಅವನ ಹೆಸರನ್ನ ನೀವು ನಿಮ್ಮ ಅಂಗಡಿ ಬೋರ್ಡಿನ ಮೇಲೆ ಬರೆಸ್ತೀರಾ? ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ದಿನಾ ಬೆಳಗ್ಗೆ ಆ ಹೆಸರು ಹೇಳಿಕೊಟ್ಟು ಪಾಠ ಮಾಡ್ತೀರಾ?

ಇಲ್ಲ ಅಲ್ವಾ? ನಾವಾದರೆ ಆ ಹೆಸರನ್ನ ಮನೆಯಲ್ಲಿ ಎತ್ತಲೂ ಬಿಡೋದಿಲ್ಲ. ಆದರೆ ಬ್ರೆಜಿಲ್ ದೇಶದ ಒಂದು ಕುಟುಂಬ ಅದನ್ನೇ ಮಾಡಿತು. ಇವತ್ತು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದ್ರೆ ಎಂಎಂಎ ಕಲಿಯೋ ಯಾವ ಹುಡುಗನನ್ನ ಬೇಕಾದರೂ ಕೇಳಿ, "ಕಿಮುರಾ" ಅಂದ್ರೆ ಏನು ಅಂತ. ಹೆಗಲ ಪಟ್ಟು ಅಂತ ತಟ್ಟನೆ ಹೇಳ್ತಾನೆ. ಕಿಮುರಾ ಅನ್ನೋದು ಒಬ್ಬ ಮನುಷ್ಯನ ಹೆಸರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆ ಹೆಸರಿಟ್ಟವರು ಅವನ ಶಿಷ್ಯರಲ್ಲ, ಅವನ ದೇಶದವರೂ ಅಲ್ಲ. ಅವನ ಕೈಯಲ್ಲಿ ಸೋತವರು!

ಈ ಕತೆ ನನ್ನ ತಲೆಗೆ ಹೊಕ್ಕಿದ್ದು 2011ರ ಡಿಸೆಂಬರ್‌ನಲ್ಲಿ. ನಾನಾಗ ಇಂಜಿನಿಯರಿಂಗ್ ಹುಡುಗ. ಹಾಸ್ಟೆಲ್ ರೂಮು, ಒಂದೇ ಒಂದು ಲ್ಯಾಪ್‌ಟಾಪ್, ಸುತ್ತ ಏಳೆಂಟು ತಲೆ. ಟೊರಾಂಟೊದಲ್ಲಿ ಡಿಸೆಂಬರ್ 10ರಂದು ನಡೆದ ಯುಎಫ್‌ಸಿ ಪಂದ್ಯದ ತುಣುಕು ನೋಡ್ತಾ ಇದ್ವಿ. ಒಂದು ಕಡೆ ಅಮೆರಿಕದ ಫ್ರ್ಯಾಂಕ್ ಮಿರ್, ಇನ್ನೊಂದು ಕಡೆ ಬ್ರೆಜಿಲ್‌ನ ದಂತಕತೆ ಅಂಟೋನಿಯೊ ರೊಡ್ರಿಗೊ ನೊಗೇರಾ. ನೊಗೇರಾ ಹೊಡೆತಕ್ಕೆ ಮಿರ್ ಕುಸಿದ. ಇನ್ನೇನು ಮುಗೀತು ಅನ್ನುವಾಗ ನೊಗೇರಾ ಕುತ್ತಿಗೆ ಪಟ್ಟಿಗೆ ಕೈ ಹಾಕಿದ. ಮಿರ್ ಹೊರಳಿ ಬಂದು ಆ ಕೈಯನ್ನೇ ಹಿಡಿದ. ಎರಡೂ ಕೈಗಳಿಂದ ಲಾಕ್ ಹಾಕಿ ತಿರುಚುತ್ತಾ ಹೋದ. ನೊಗೇರಾ ಸೋಲೊಪ್ಪಿ ತಟ್ಟಲಿಲ್ಲ. ತೋಳಿನ ಮೂಳೆ ಮುರಿಯಿತು. ಮೊದಲ ರೌಂಡ್ ಕೂಡ ಮುಗಿದಿರಲಿಲ್ಲ.

ನಾವು ಏನು ಮಾಡಿದ್ವಿ ಹೇಳಿ? ಹಿಂದಕ್ಕೆ ಎಳೆದು ಮತ್ತೆ ನೋಡಿದ್ವಿ. ಮತ್ತೆ. ಇನ್ನೊಮ್ಮೆ. ಜಮಖಂಡಿ ಕಡೆಯ ಒಬ್ಬ ಗೆಳೆಯ ಇದ್ದ, ಅವನ ಅಜ್ಜ ಗರಡಿಯಲ್ಲಿ ಮಣ್ಣು ಹೊತ್ತವರು. ಅವನು ಲ್ಯಾಪ್‌ಟಾಪ್ ಮುಚ್ಚಿ ಅಂದ: "ಮುರದದ್ದು ಏನ್ ನೋಡ್ತೀರಲೇ? ಮುರಿಯೂಕಿಂತ ಮೊದಲ ಅಂವಾ ಯಾಕ್ ಸುಮ್ಮ್ ಇದ್ದಾ, ಅದನ್ನ ನೋಡ್ರಿ."

ನಾನು ಸುಮ್ಮನಿರಬೇಕಿತ್ತು. ಇಂಜಿನಿಯರಿಂಗ್ ಹುಡುಗನ ಜಂಭ ನೋಡಿ, ಇದು ನೆಲದ ಮೇಲೆ ಮಾತ್ರ ಆಗೋ ಪಟ್ಟು, ನಿಂತವನಿಗೆ ಏನೂ ಮಾಡೋಕಾಗಲ್ಲ ಅಂದೆ. "ಹಿಂದಿನಿಂದ ನನ್ನ ಸೊಂಟ ಹಿಡಿ" ಅಂದ. ಹಿಡಿದೆ. ಒಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದ. ಇನ್ನೊಂದು ಕೈಯನ್ನ ನನ್ನ ತೋಳಿನ ಮೇಲಿಂದ ಹಾಯಿಸಿ ತನ್ನದೇ ಮಣಿಕಟ್ಟಿಗೆ ಬೀಗ ಹಾಕಿದ. ಸ್ವಲ್ಪ ತಿರುಗಿದ, ಅಷ್ಟೇ. ನಾನು ತುದಿಗಾಲ ಮೇಲೆ ನಿಂತಿದ್ದೆ! ಅವನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಎಪ್ಪತ್ತು ಕೆಜಿ ಆಳು, ಹಗ್ಗ ಕಟ್ಟಿದ ಕರುವಿನ ಥರ ರೂಮಿನ ತುಂಬಾ ತಿರುಗಿದೆ. "ಬಿಡೋ ಮಾರಾಯ" ಅಂತ ಅವನ ಬೆನ್ನು ತಟ್ಟಿದೆ. ತಕ್ಷಣ ಬಿಟ್ಟ. ಬಿಟ್ಟು ಅಂದ: "ನೀ ತಟ್ಟಿದಿ, ನಾ ಬಿಟ್ಟೆ. ತಟ್ಟಲಿಲ್ಲಾ ಅಂದ್ರ?"

ಆ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಸಿಗೋದೇ ಈ ಇತಿಹಾಸ. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಈ ಪಟ್ಟು ಕೆಲಸ ಮಾಡೋದು ಹೇಗೆ ಅಂತ ತಿಳ್ಕೊಳ್ಳೋಣ. ನಮ್ಮ ದೇಹದಲ್ಲಿ ಅತಿ ಹೆಚ್ಚು ದಿಕ್ಕಿಗೆ ತಿರುಗೋ ಕೀಲು ಹೆಗಲು. ಮೇಲೆ, ಕೆಳಗೆ, ಹಿಂದೆ, ಮುಂದೆ, ಸುತ್ತ. ಅಷ್ಟು ಸ್ವಾತಂತ್ರ್ಯ ಬೇಕಾದರೆ ಬೆಲೆ ಕೊಡಬೇಕು. ಸೊಂಟದ ಕೀಲಿನ ಗುಂಡು ಆಳವಾದ ಬಟ್ಟಲಲ್ಲಿ ಕೂತಿರುತ್ತೆ. ಹೆಗಲಿನ ಗುಂಡು ಕೂತಿರೋದು ತಟ್ಟೆಯಂಥ ಆಳವಿಲ್ಲದ ಗುಳಿಯಲ್ಲಿ. ಅದನ್ನ ಹಿಡಿದಿಟ್ಟಿರೋದು ಸ್ನಾಯು, ನಾರುಗಳು ಮಾತ್ರ. ಈಗ ಮೊಣಕೈಯನ್ನ ತೊಂಬತ್ತು ಡಿಗ್ರಿ ಮಡಚಿ. ಮುಂಗೈ ಏನಾಯ್ತು? ಸ್ಪ್ಯಾನರ್‌ನ ಹಿಡಿ ಆಯ್ತು. ಮೇಲ್ತೋಳು ಬೋಲ್ಟ್ ಆಯ್ತು. ಸ್ಪ್ಯಾನರ್ ಉದ್ದ ಇದ್ದಷ್ಟೂ ಬೋಲ್ಟ್ ತಿರುಗಿಸೋದು ಸುಲಭ ಅನ್ನೋದು ಗ್ಯಾರೇಜಿನ ಹುಡುಗನಿಗೂ ಗೊತ್ತು. ಮಣಿಕಟ್ಟನ್ನ ಬೆನ್ನ ಹಿಂದಕ್ಕೆ ತಳ್ಳುತ್ತಾ ಹೋದರೆ ಮೇಲ್ತೋಳು ಹೆಗಲೊಳಗೆ ತಿರುಗುತ್ತೆ. ಒಂದು ಹಂತದ ತನಕ ತಿರುಗುತ್ತೆ. ಆಮೇಲೆ ತಿರುಗೋಕೆ ಜಾಗ ಇಲ್ಲ.

ನೆಲದ ಮೇಲೆ ಬಿದ್ದವನಿಗೆ ನೆಲವೇ ಶತ್ರು. ದೇಹ ಅಲ್ಲಾಡೋ ಹಾಗಿಲ್ಲ, ಹಾಗಾಗಿ ತಿರುಚಿದ ಬಲವೆಲ್ಲ ಕೀಲಿಗೇ ಹೋಗುತ್ತೆ. ನಿಂತವನ ಕತೆ ಬೇರೆ. ಅವನು ಸುತ್ತ ಹೆಜ್ಜೆ ಹಾಕಬಹುದು, ಬಾಗಬಹುದು, ಲಾಗ ಹಾಕಬಹುದು. ಹಾಗಾಗಿ ನಿಂತಲ್ಲೇ ಈ ಪಟ್ಟಿನಿಂದ ಪಂದ್ಯ ಮುಗಿಯೋದು ಅಪರೂಪ. ಆದರೆ ಗಮನಿಸಿ, ನೋವು ತಪ್ಪಿಸಿಕೊಳ್ಳೋಕೆ ಅವನು ಹೆಜ್ಜೆ ಹಾಕ್ತಾನಲ್ಲ, ಆ ಹೆಜ್ಜೆ ಎಲ್ಲಿಗೆ ಬೀಳಬೇಕು ಅಂತ ನಿರ್ಧರಿಸೋನು ಯಾರು? ಪಟ್ಟು ಹಿಡಿದವನು! ನಿಂತು ಹಿಡಿಯೋ ಹೆಗಲ ಪಟ್ಟಿನ ಗುಟ್ಟು ಇದೇ. ಇದು ಮುರಿಯೋಕೆ ಅಂತ ಹಿಡಿಯೋ ಪಟ್ಟಲ್ಲ, ನಡೆಸೋಕೆ ಅಂತ ಹಿಡಿಯೋ ಪಟ್ಟು. ಮೂಗುದಾರ ಅಂದುಕೊಳ್ಳಿ. ಎದುರಾಳಿಯ ತೂಕ ಒಂದು ಕಾಲಿನ ಮೇಲೆ ಬಂದಾಗ, ಪಟ್ಟು ಬಿಡದೆ ತಾನೇ ಅವನ ಕೆಳಗೆ ಕೂತು, ಪಾದದಿಂದ ಅವನ ತೊಡೆ ಎತ್ತಿದರೆ ಅವನು ತಲೆಯ ಮೇಲಿಂದ ಉರುಳಿ ಬೀಳ್ತಾನೆ. ಜೂಡೋದಲ್ಲಿ ಇದಕ್ಕೆ ಸುಮಿ ಗಯೇಶಿ ಅಂತಾರೆ. ಬಿದ್ದ ಮೇಲೂ ಕೈ ಅದೇ ಬೀಗದಲ್ಲಿರುತ್ತೆ.

ಇಷ್ಟು ತಿಳ್ಕೊಂಡ ಮೇಲೆ ಈಗ ಜಪಾನಿಗೆ ಹೋಗೋಣ.

ಮಸಾಹಿಕೊ ಕಿಮುರಾ. 1917ರಲ್ಲಿ ಕುಮಾಮೊಟೊದಲ್ಲಿ ಹುಟ್ಟಿದವನು. 1937, 38, 39, ಸತತ ಮೂರು ವರ್ಷ ಅಖಿಲ ಜಪಾನ್ ಜೂಡೋ ಚಾಂಪಿಯನ್. 1940ರಲ್ಲಿ ಚಕ್ರವರ್ತಿಯ ಸಮ್ಮುಖದ ಪಂದ್ಯಾವಳಿಯಲ್ಲೂ ಗೆದ್ದ. ಕಿಮುರಾಗೆ ಮುಂಚೆ ಕಿಮುರಾ ಇಲ್ಲ, ಕಿಮುರಾ ನಂತರವೂ ಕಿಮುರಾ ಇಲ್ಲ ಅನ್ನೋ ಮಾತು ಜಪಾನಿನಲ್ಲಿ ಇವತ್ತಿಗೂ ಇದೆ. ಆದರೆ ಯುದ್ಧ ಬಂತು, ಜಪಾನ್ ಸೋತಿತು, ಹೊಟ್ಟೆಗಿಲ್ಲದ ಕಾಲ ಬಂತು. ಹೆಂಡತಿಗೆ ಕ್ಷಯ. ಔಷಧಿಗೆ ದುಡ್ಡು ಬೇಕು. ಪದಕ ಕುದಿಸಿ ಕಷಾಯ ಮಾಡೋಕಾಗುತ್ತಾ? ದುಡ್ಡಿಗಾಗಿ ಕುಸ್ತಿ ಆಡೋಕೆ ಶುರು ಮಾಡಿದ. ಹಾಗೆ ಆಡ್ತಾ ಆಡ್ತಾ 1951ರಲ್ಲಿ ಬ್ರೆಜಿಲ್ ತಲುಪಿದ.

ಬ್ರೆಜಿಲ್‌ನಲ್ಲಿ ಯಾರಿದ್ದರು? ಗ್ರೇಸಿ ಕುಟುಂಬ. ದಶಕಗಳ ಹಿಂದೆ ಮಿತ್ಸುಯೊ ಮಾಯೆದಾ ಅನ್ನೋ ಜಪಾನಿ ಜಟ್ಟಿ ಬ್ರೆಜಿಲ್‌ಗೆ ತಂದ ವಿದ್ಯೆಯನ್ನ ತಮ್ಮದಾಗಿಸಿಕೊಂಡವರು. ಅಣ್ಣ ಕಾರ್ಲೋಸ್, ತಮ್ಮ ಎಲಿಯೊ. ಎಲಿಯೊ ತೆಳ್ಳಗಿನ ಆಳು, ಕಿಮುರಾ ಎದುರು ತೂಕದಲ್ಲಿ ಲೆಕ್ಕಕ್ಕೇ ಇಲ್ಲ. ಆದರೆ ಹಟ? ಅದಕ್ಕೆ ತೂಕದ ಯಂತ್ರ ಇನ್ನೂ ಬಂದಿಲ್ಲ. ಕಿಮುರಾ ಜೊತೆ ಬಂದಿದ್ದ ಕಾಟೊ ಅನ್ನೋ ಜೂಡೋ ಪಟುವನ್ನ ಎಲಿಯೊ ಆಗಲೇ ಕುತ್ತಿಗೆ ಪಟ್ಟಿನಿಂದ ಪ್ರಜ್ಞೆ ತಪ್ಪಿಸಿ ಸೋಲಿಸಿದ್ದ. ಈಗ ಜಪಾನಿನ ಮಾನದ ಪ್ರಶ್ನೆ. ಇತ್ತ ಬ್ರೆಜಿಲ್‌ನ ಮಾನದ ಪ್ರಶ್ನೆ. ನೆನಪಿಡಿ, ಇದೇ ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಹಿಂದಿನ ವರ್ಷವಷ್ಟೇ, 1950ರ ಜುಲೈನಲ್ಲಿ, ಉರುಗ್ವೆ ವಿರುದ್ಧ ಫುಟ್‌ಬಾಲ್ ವಿಶ್ವಕಪ್ ಸೋತು ಇಡೀ ದೇಶ ಅತ್ತಿತ್ತು.

1951ರ ಅಕ್ಟೋಬರ್ 23. ಅದೇ ಮರಕಾನಾ. ಕೆಡವಿದರೆ ಅಂಕ ಇಲ್ಲ. ಎದುರಾಳಿ ಸೋಲೊಪ್ಪಬೇಕು, ಅದೊಂದೇ ದಾರಿ. ಎಲಿಯೊ ಕಡೆಯವರು ಕಿಮುರಾಗಾಗಿ ಶವಪೆಟ್ಟಿಗೆ ತಂದಿಟ್ಟಿದ್ದರು ಅಂತ ಕಿಮುರಾ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಮೊದಲ ರೌಂಡ್ ಎಲಿಯೊ ತಡೆದುಕೊಂಡ. ಎರಡನೇ ರೌಂಡ್ ಶುರುವಾಗಿ ಸ್ವಲ್ಪ ಹೊತ್ತಿಗೆ ಕಿಮುರಾ ತನ್ನ ಹೆಸರುವಾಸಿ ಕಾಲ್ಕೊಡತದಿಂದ, ಅದೇ ಓಸೊಟೊ ಗಾರಿ, ಎಲಿಯೊನನ್ನ ಕೆಡವಿದ. ಮೇಲೆ ಬಿದ್ದು ಎಡಗೈ ಹಿಡಿದ. ಜಪಾನಿಯಲ್ಲಿ ಗ್ಯಾಕು ಉದೆ ಗರಾಮಿ ಅನ್ನೋ ಪಟ್ಟು ಹಾಕಿದ. ತಿರುಚಿದ.

ಎಲಿಯೊ ತಟ್ಟಲಿಲ್ಲ. ಕಿಮುರಾ ಇನ್ನೂ ತಿರುಚಿದ. ಮೂಳೆಯ ಸದ್ದು ಕೇಳಿಸಿತು ಅಂತ ಮುಂದೆ ಬರೆದುಕೊಂಡಿದ್ದಾನೆ. ಆಗಲೂ ಎಲಿಯೊ ತಟ್ಟಲಿಲ್ಲ. ಕೊನೆಗೆ ತಡೆಯಲಾರದೆ ಪಂದ್ಯ ನಿಲ್ಲಿಸಿದ್ದು ಯಾರು ಗೊತ್ತಾ? ಅಂಚಿನಲ್ಲಿ ನಿಂತಿದ್ದ ಅಣ್ಣ ಕಾರ್ಲೋಸ್. ಸೋಲು ಒಪ್ಪಿಕೊಂಡಿದ್ದು ಸೋತವನಲ್ಲ, ಸೋತವನ ಅಣ್ಣ!

ಕತೆ ಇಲ್ಲಿಗೇ ಮುಗಿಯಲಿಲ್ಲ. ಗ್ರೇಸಿ ಮನೆಯವರು ಆ ಪಟ್ಟನ್ನ ಮರೆಯಲಿಲ್ಲ. ಅಭ್ಯಾಸ ಮಾಡಿದರು, ಕಲಿಸಿದರು, ಅದಕ್ಕೆ ಕಿಮುರಾ ಅಂತಲೇ ಹೆಸರಿಟ್ಟರು. ಯಾರಿಂದ ಪಾಠ ಕಲಿತೆವೋ ಅವನ ಹೆಸರು. ಇದು ದೊಡ್ಡ ಗುಣ ಕಣ್ರೀ. ಸಾಲ ತೀರಿಸಿದ ಮೇಲೆ ಸಾಲಗಾರನ ಹೆಸರು ಮರೆಯೋ ಕಾಲ ಇದು.

ಗೆದ್ದ ಕಿಮುರಾ ಗತಿ ಏನಾಯ್ತು? 1954ರ ಡಿಸೆಂಬರ್ 22ರಂದು ಟೋಕಿಯೊದಲ್ಲಿ ರಿಕಿದೋಝಾನ್ ಎಂಬ ವೃತ್ತಿಪರ ಕುಸ್ತಿಯ ತಾರೆಯ ಎದುರು ನೆಲಕಚ್ಚಿದ. ಪಂದ್ಯ ಸಮ ಮಾಡೋಣ ಅಂತ ಮೊದಲೇ ಮಾತಾಗಿತ್ತು, ಆತ ಮಾತು ಮುರಿದ ಅನ್ನೋದು ಕಿಮುರಾ ದೂರು. ಆಮೇಲೆ ತನ್ನ ಹಳೆಯ ಟಕುಶೊಕು ವಿಶ್ವವಿದ್ಯಾಲಯದಲ್ಲಿ ಜೂಡೋ ಕಲಿಸುತ್ತಾ ಉಳಿದ. 1993ರ ಏಪ್ರಿಲ್ 18ರಂದು ತೀರಿಕೊಂಡ. ಅದೇ ವರ್ಷ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆಯಿತು. ಗೆದ್ದದ್ದು ಎಲಿಯೊ ಮಗ ರಾಯ್ಸ್ ಗ್ರೇಸಿ. ಏಳು ತಿಂಗಳು ಬದುಕಿದ್ದರೆ, ತನ್ನ ಹೆಸರು ಲೋಕದ ಬಾಯಿಗೆ ಬೀಳೋದನ್ನ ಕಿಮುರಾ ಕಣ್ಣಾರೆ ನೋಡಬಹುದಿತ್ತು.

ಇದೇ ಪಟ್ಟಿಗೆ ಇನ್ನೊಂದು ತವರು ಇದೆ. ಇಂಗ್ಲೆಂಡಿನ ವಿಗನ್. ಕಲ್ಲಿದ್ದಲು ಗಣಿಗಳ ಊರು. ಗಣಿ ಕಾರ್ಮಿಕರು ಆಡ್ತಿದ್ದ ಕುಸ್ತಿಗೆ ಕ್ಯಾಚ್ ರೆಸ್ಲಿಂಗ್ ಅಂತ ಹೆಸರು. ಅವರು ಈ ಪಟ್ಟನ್ನ ಡಬಲ್ ರಿಸ್ಟ್‌ಲಾಕ್ ಅಂದರು. ಬಿಲ್ಲಿ ರೈಲಿ ಎಂಬ ಉಸ್ತಾದನ ಗರಡಿಗೆ ಹಾವಿನ ಗುಂಡಿ ಅಂತಲೇ ಹೆಸರು ಬಿದ್ದಿತ್ತು. ಅಲ್ಲಿ ಪಳಗಿದವನು ಕಾರ್ಲ್ ಗಾಚ್. ಈ ಗಾಚ್ ನಮ್ಮ ಪೈಲ್ವಾನರ ದಂಡ, ಬೈಠಕ್‌ಗಳನ್ನ ತನ್ನ ವ್ಯಾಯಾಮಕ್ಕೆ ತಂದುಕೊಂಡ. ಜಪಾನಿಗೆ ಹೋಗಿ ಅಲ್ಲಿನ ಹುಡುಗರಿಗೆ ಹೊಡೆಸಿದ. ಆ ಹುಡುಗರಲ್ಲೊಬ್ಬ ಅಂಟೋನಿಯೊ ಇನೋಕಿ. ಹೌದು, 1976ರ ಜೂನ್‌ನಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಜೊತೆ ಆಡಿದನಲ್ಲ, ಅದೇ ಇನೋಕಿ.

ಈಗ ಕತೆ ನಮ್ಮ ಉಪಖಂಡಕ್ಕೆ ಬರುತ್ತೆ. ಗಾಮಾ ಪೈಲ್ವಾನ್ ಹೆಸರು ಕೇಳದವರು ಯಾರಿದ್ದಾರೆ? 1910ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜಿಬಿಸ್ಕೊನನ್ನ ಗಂಟೆಗಟ್ಟಲೆ ನೆಲಕ್ಕೆ ಅಂಟಿಸಿದವನು. ಮರುಪಂದ್ಯದ ದಿನ ಜಿಬಿಸ್ಕೊ ಅಖಾಡದ ಕಡೆ ತಲೆ ಹಾಕಲಿಲ್ಲ. 1928ರಲ್ಲಿ ಪಟಿಯಾಲದಲ್ಲಿ ಸಿಕ್ಕಾಗ ಗಾಮಾ ಅವನನ್ನ ಒಂದು ನಿಮಿಷದೊಳಗೆ ಚಿತ್ ಮಾಡಿದ. ದೇಶ ವಿಭಜನೆಯಾದ ಮೇಲೆ ಗಾಮಾ ಮನೆತನ ಪಾಕಿಸ್ತಾನದಲ್ಲಿ ನೆಲೆಸಿತು. ಗಾಮಾ ತಮ್ಮ ಇಮಾಮ್ ಬಕ್ಷ್, ಇಮಾಮ್ ಬಕ್ಷ್ ಮಕ್ಕಳಲ್ಲೊಬ್ಬ ಅಕ್ರಮ್ ಪೈಲ್ವಾನ್.

1976ರ ಡಿಸೆಂಬರ್ 12. ಕರಾಚಿಯ ನ್ಯಾಷನಲ್ ಸ್ಟೇಡಿಯಂ. ಅಕ್ರಮ್ ಎದುರು ಇನೋಕಿ. ಮೂವತ್ಮೂರರ ಇನೋಕಿ, ಅವನಿಗಿಂತ ಸಾಕಷ್ಟು ಹಿರಿಯ ಅಕ್ರಮ್. ಮೂರನೇ ರೌಂಡ್. ಇನೋಕಿ ಕೈ ಹಿಡಿದ, ಡಬಲ್ ರಿಸ್ಟ್‌ಲಾಕ್ ಹಾಕಿದ. ಅಕ್ರಮ್ ಸೋಲೊಪ್ಪಲಿಲ್ಲ. ತೋಳು ಜಖಂ ಆಯ್ತು. ಪಂದ್ಯ ನಿಂತಿತು. ತುಂಬಿದ ಕ್ರೀಡಾಂಗಣ ಸ್ತಬ್ಧ.

ಯಾಕೆ ಒಪ್ಪಲಿಲ್ಲ? ಇಲ್ಲಿ ಸ್ವಲ್ಪ ನಿಲ್ಲಿ ವೀಕ್ಷಕರೇ. ನಮ್ಮ ಮಟ್ಟಿ ಕುಸ್ತಿ ನೋಡಿದ್ದೀರಲ್ಲ? ಮೈಸೂರು ದಸರಾದಲ್ಲಿ, ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ? ಅಲ್ಲಿ ಸೋಲು ಅಂದ್ರೇನು? ಬೆನ್ನು ಮಣ್ಣಿಗೆ ತಾಗಬೇಕು, ಅಷ್ಟೇ. ಸೋಲನ್ನ ತೀರ್ಮಾನ ಮಾಡೋದು ಮಣ್ಣು, ಸೋತವನಲ್ಲ. "ನಾನು ಸೋತೆ" ಅಂತ ಪೈಲ್ವಾನ್ ತನ್ನ ಕೈಯಾರೆ ಹೇಳೋ ಪದ್ಧತಿಯೇ ಆ ಆಟದಲ್ಲಿ ಇಲ್ಲ. ಅಂತಾರಾಷ್ಟ್ರೀಯ ಕುಸ್ತಿಯಲ್ಲಂತೂ ಕೈಯನ್ನ ತೊಂಬತ್ತು ಡಿಗ್ರಿ ಮೀರಿ ತಿರುಚಿದರೆ ರೆಫರಿಯೇ ಸೀಟಿ ಊದ್ತಾನೆ. ಅಂಥ ಮಣ್ಣಿನಿಂದ ಬಂದವನನ್ನ, ಅದೂ ಗಾಮಾ ಮನೆಯವನನ್ನ, ತಟ್ಟು ಅಂದರೆ ಹೇಗೆ ತಟ್ತಾನೆ? ಅವನ ಆಟದ ಭಾಷೆಯಲ್ಲಿ ಆ ಪದವೇ ಇಲ್ವಲ್ಲ!

ಆದರೆ ಇದಕ್ಕೂ ಒಂದು ಉತ್ತರಾರ್ಧ ಇದೆ. 1979ರ ಜೂನ್ 17. ಲಾಹೋರ್. ಅದೇ ಮನೆತನದ ಮುಂದಿನ ತಲೆಮಾರಿನ ಹುಡುಗ ಝಾರಾ ಪೈಲ್ವಾನ್ ಇನೋಕಿ ಎದುರು ಇಳಿದ. ಐದು ರೌಂಡ್ ನಡೆದರೂ ಯಾರೂ ಬಗ್ಗಲಿಲ್ಲ. ಕೊನೆಗೆ ಇನೋಕಿ ತಾನೇ ಹೋಗಿ ಝಾರಾ ಕೈ ಎತ್ತಿ ಹಿಡಿದ. ಮೂರು ವರ್ಷದ ಹಿಂದೆ ಆ ಮನೆಯ ಒಂದು ಕೈ ತಿರುಚಿದವನು, ಇನ್ನೊಂದು ಕೈಯನ್ನ ಜನರೆದುರು ಎತ್ತಿದ. ಲಾಹೋರ್ ಅವನನ್ನ ತನ್ನವನು ಅಂತ ಒಪ್ಪಿಕೊಂಡಿತು.

ಸರಿ, ಈಗ ನಿಂತು ಹಿಡಿಯೋ ಪಟ್ಟಿಗೆ ಬರೋಣ. ಅದರ ನಿಜವಾದ ಮೇಷ್ಟ್ರು ಕಝುಶಿ ಸಕುರಾಬಾ. ಜಪಾನಿನ ಅಕಿತಾದವನು. ಕಾಲೇಜಿನಲ್ಲಿ ಕುಸ್ತಿ, ಆಮೇಲೆ ಟೋಕಿಯೊದ ವೃತ್ತಿಪರ ಕುಸ್ತಿ ಕಂಪನಿಯಲ್ಲಿ ತರಬೇತಿ. ಅಲ್ಲಿ ಕಲಿಸ್ತಿದ್ದವನು ವಿಗನ್ ಹಾವಿನ ಗುಂಡಿಯಿಂದ ಬಂದ ಬಿಲ್ಲಿ ರಾಬಿನ್ಸನ್. ಕೊಂಡಿ ಹೇಗೆ ಬೆಸೆಯುತ್ತೆ ನೋಡಿ. ಇಂಗ್ಲೆಂಡಿನ ಗಣಿ ಕಾರ್ಮಿಕರ ಪಟ್ಟು ಜಪಾನಿ ಹುಡುಗನ ಕೈಗೆ ಬಂತು. ಆ ಕೈ ಹೋಗಿ ನಿಂತಿದ್ದು ಎಲ್ಲಿ? ಗ್ರೇಸಿ ಮನೆತನದ ಎದುರು!

ಸಕುರಾಬಾ ಕಂಡುಕೊಂಡ ಉಪಾಯ ಸರಳ. ಕುಸ್ತಿಯಲ್ಲಿ ಹಿಂದಿನಿಂದ ಸೊಂಟ ಹಿಡಿಸಿಕೊಂಡವನು ಅರ್ಧ ಸೋತ ಹಾಗೆ. ಸಕುರಾಬಾ ಬೆನ್ನು ಕೊಟ್ಟೇ ನಿಲ್ತಿದ್ದ. ಬಾ, ಹಿಡ್ಕೋ ಅನ್ನೋ ಹಾಗೆ. ಎದುರಾಳಿ ಎರಡೂ ಕೈ ಸುತ್ತಿ ಸೊಂಟ ಹಿಡಿದರೆ, ಆ ಕೈಗಳಲ್ಲಿ ಒಂದು ಇವನ ಪಾಲಾಗ್ತಿತ್ತು. ನನ್ನ ಜಮಖಂಡಿ ಗೆಳೆಯ ನನಗೆ ಮಾಡಿದ್ದೂ ಇದನ್ನೇ. ಹಿಡಿದವನು ಯಾರು, ಸಿಕ್ಕಿಬಿದ್ದವನು ಯಾರು ಅನ್ನೋದೇ ಅದಲು ಬದಲು. ಇದರಲ್ಲಿ ಅಪಾಯವೂ ಇದೆ. ಪಟ್ಟು ಹಿಡಿದವನ ಎರಡೂ ಕೈ ಬಿಜಿ, ಮುಖಕ್ಕೆ ರಕ್ಷಣೆ ಇಲ್ಲ. ಎದುರಾಳಿ ತನ್ನ ಚಡ್ಡಿಯನ್ನೋ ತನ್ನದೇ ಇನ್ನೊಂದು ಕೈಯನ್ನೋ ಬಿಗಿಯಾಗಿ ಹಿಡಿದುಕೊಂಡರೆ ಪಟ್ಟು ತಿರುಗೋದಿಲ್ಲ. ಆಗ ತಾಳ್ಮೆ ಬೇಕು. ಎಳೆದಾಡಬೇಕು, ತಿರುಗಿಸಬೇಕು, ಆ ಹಿಡಿತ ಸಡಿಲಾಗೋ ತನಕ ಕಾಯಬೇಕು.

1999ರ ನವೆಂಬರ್ 21, ಟೋಕಿಯೊ. ಎಲಿಯೊ ಮಗ ರಾಯ್ಲರ್ ಗ್ರೇಸಿ ಎದುರು ಸಕುರಾಬಾ ಇದೇ ಪಟ್ಟು ಹಾಕಿದ. ರಾಯ್ಲರ್ ತಟ್ಟಲಿಲ್ಲ. ಪಂದ್ಯ ಮುಗಿಯೋಕೆ ಎರಡು ನಿಮಿಷವೂ ಇರಲಿಲ್ಲ. ರೆಫರಿ ಮಧ್ಯೆ ಬಂದು ನಿಲ್ಲಿಸಿದ. ಗ್ರೇಸಿ ಕಡೆಯವರು ಕೆರಳಿದರು, ತಟ್ಟಿಲ್ಲ, ಹೇಗೆ ನಿಲ್ಲಿಸ್ತೀರಿ ಅಂದರು. 2000ದ ಮೇ 1ರಂದು ರಾಯ್ಸ್ ಗ್ರೇಸಿ ಬಂದ. ಹದಿನೈದು ನಿಮಿಷದ ಆರು ರೌಂಡು, ಒಟ್ಟು ತೊಂಬತ್ತು ನಿಮಿಷ! ಕೊನೆಗೆ ರಾಯ್ಸ್ ಕಡೆಯಿಂದ ಟವೆಲ್ ಬಿತ್ತು. ಎಸೆದವನು ಅಣ್ಣ ರೋರಿಯನ್. ಮತ್ತೆ ಅಣ್ಣ, ನೋಡಿ. 1951ರಲ್ಲಿ ಎಲಿಯೊಗೆ ಕಾರ್ಲೋಸ್, 2000ದಲ್ಲಿ ರಾಯ್ಸ್‌ಗೆ ರೋರಿಯನ್.

ಅದೇ ವರ್ಷ ಆಗಸ್ಟ್ 27. ಈಗ ಬಂದವನು ಕಾರ್ಲೋಸ್ ಮೊಮ್ಮಗ ರೆಂಜೊ ಗ್ರೇಸಿ. ಒಳ್ಳೆಯ ಜಿದ್ದಾಜಿದ್ದಿ ಪಂದ್ಯ. ಇನ್ನು ಕೆಲವೇ ಸೆಕೆಂಡು ಬಾಕಿ. ರೆಂಜೊ ಹಿಂದಿನಿಂದ ಸೊಂಟ ಹಿಡಿದ. ಸಕುರಾಬಾ ಕೈ ಹಿಡಿದ, ಬೀಗ ಹಾಕಿದ, ನಿಂತಲ್ಲೇ ಗಿರ್ರನೆ ತಿರುಗಿದ. ಇಬ್ಬರೂ ಕೆಳಕ್ಕೆ ಹೋಗೋ ಹೊತ್ತಿಗೆ ರೆಂಜೊ ಮೊಣಕೈ ಕೀಲು ತಪ್ಪಿತ್ತು. ಅಣ್ಣ ಟವೆಲ್ ಎಸೆಯೋಕೆ, ರೆಫರಿ ಓಡಿ ಬರೋಕೆ, ರೆಂಜೊ ತಟ್ಟೋಕೆ, ಯಾವುದಕ್ಕೂ ಸಮಯ ಇರಲಿಲ್ಲ.

ಇದೇ ನೋಡಿ ನಿಂತು ಹಿಡಿಯೋ ಪಟ್ಟಿನ ಇನ್ನೊಂದು ಮುಖ. ನೆಲದ ಮೇಲೆ ನೋವಿಗೂ ಮುರಿತಕ್ಕೂ ನಡುವೆ ಒಂದಿಷ್ಟು ಹೊತ್ತು ಇರುತ್ತೆ. ಯೋಚನೆ ಮಾಡಬಹುದು, ತಟ್ಟಬಹುದು. ನಿಂತಾಗ ಬೀಗ ಬಿದ್ದು, ಎರಡು ದೇಹದ ತೂಕ ಒಟ್ಟಿಗೆ ಕೆಳಗೆ ಬಂದರೆ ಆ ಹೊತ್ತು ಮಾಯ. ಅದಕ್ಕೇ ಸ್ಪರ್ಧಾ ಜೂಡೋ ಈ ವಿಷಯದಲ್ಲಿ ಕಟ್ಟುನಿಟ್ಟು. ಕೀಲಿನ ಪಟ್ಟು ಮೊಣಕೈಗೆ ಮಾತ್ರ. ವಾಕಿ ಗಟಾಮೆ ಅನ್ನೋ ಪಟ್ಟಿನಲ್ಲಿ ನಿಂತವನ ತೋಳನ್ನ ಕಂಕುಳಲ್ಲಿ ಬಿಗಿದು ನೇರವಾಗಿ ನೆಲಕ್ಕೆ ಬಿದ್ದರೆ ಅಲ್ಲೇ ಅನರ್ಹ. ಅದೇ ಜೂಡೋ ಕಲಿತು ಎಂಎಂಎಗೆ ಬಂದ ಕಾರೋ ಪರಿಸ್ಯಾನ್ 2003ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ದಾರಿ ತೋರಿಸಿದ. ಲಾಸ್ ವೇಗಸ್‌ನಲ್ಲಿ ಡೇವ್ ಸ್ಟ್ರಾಸರ್ ತೋಳಿಗೆ ಕಿಮುರಾ ಹಾಕಿ, ಹಾಗೇ ಉರುಳಿಸಿಕೊಂಡು ಹೋಗಿ ಸೋಲೊಪ್ಪಿಸಿದ. ಎತ್ತಿ ಎಸೆಯೋದು ಮತ್ತು ಬೀಗ ಹಾಕೋದು ಎರಡಲ್ಲ, ಒಂದೇ ಅನ್ನೋದು ಅವತ್ತು ಸಾವಿರಾರು ಜಿಮ್ ಹುಡುಗರಿಗೆ ಅರ್ಥವಾಯ್ತು.

ರೆಂಜೊ ವಿಷಯಕ್ಕೆ ಬರ್ತೀನಿ. ಕೈ ಜೋತುಬಿದ್ದಿತ್ತು. ಅಂಥಾದ್ದರಲ್ಲಿ ಆತ ಮೈಕ್ ಹಿಡಿದು, ನನಗೆ ಯಾವ ನೆಪವೂ ಇಲ್ಲ, ಇವತ್ತು ಆತ ನನಗಿಂತ ಚೆನ್ನಾಗಿ ಆಡಿದ ಅನ್ನೋ ಅರ್ಥದ ಮಾತಾಡಿದ. ಸಕುರಾಬಾನನ್ನ ಹೊಗಳಿದ. ಐವತ್ತು ವರ್ಷದ ಹಿಂದೆ ಪಟ್ಟಿಗೆ ಗೆದ್ದವನ ಹೆಸರಿಟ್ಟ ಮನೆತನದ ಮಾತು ಅದು.

ಈಗ ನನ್ನ ಗೆಳೆಯನ ಪ್ರಶ್ನೆಗೆ ಬರೋಣ. ತಟ್ಟಲಿಲ್ಲ ಅಂದರೆ?

ಎಲಿಯೊ ತಟ್ಟಲಿಲ್ಲ, ಅಣ್ಣ ಇದ್ದ. ರಾಯ್ಲರ್ ತಟ್ಟಲಿಲ್ಲ, ರೆಫರಿ ಇದ್ದ. ರಾಯ್ಸ್‌ಗೆ ಟವೆಲ್ ಇತ್ತು. ಅಕ್ರಮ್‌ಗೆ, ನೊಗೇರಾಗೆ, ಸಮಯಕ್ಕೆ ಯಾರೂ ಸಿಗಲಿಲ್ಲ. ನಾವು ಇವರನ್ನೆಲ್ಲ ವೀರರು ಅಂತೀವಿ. ನಾನೂ ಅಂತಿದ್ದೆ. ಆದರೆ ಒಂದು ಲೆಕ್ಕ ಹಾಕಿ. ಹಟ ಅನ್ನೋದು ಇದ್ದೇ ಇರುತ್ತೆ, ಹಟ ಇಲ್ಲದವನು ಅಖಾಡಕ್ಕೆ ಇಳಿಯೋದೇ ಇಲ್ಲ. ಹಾಗಾಗಿ ನಿಲ್ಲಿಸೋ ಕೆಲಸವನ್ನ ಅವನ ಒಬ್ಬನ ತಲೆಗೇ ಕಟ್ಟೋದು ಅನ್ಯಾಯ. ಯಂತ್ರ ಎಷ್ಟೇ ಗಟ್ಟಿ ಇರಲಿ, ಪಕ್ಕದಲ್ಲೊಂದು ಫ್ಯೂಸ್ ಇರಬೇಕು ಅಂತ ಇಂಜಿನಿಯರಿಂಗ್‌ನ ಮೊದಲ ವರ್ಷದಲ್ಲೇ ಕಲಿಸಿದ್ದರು. ಕಾರ್ಲೋಸ್ ಅವತ್ತು ತಮ್ಮನಿಗೆ ಆಗಿದ್ದು ಅದೇ. ತಾನು ಹೇಡಿ ಅನ್ನಿಸಿಕೊಂಡರೂ ಪರವಾಗಿಲ್ಲ, ತಮ್ಮನ ಕೈ ಉಳಿಯಲಿ ಅಂದುಕೊಂಡ. ಎಲಿಯೊ ಮುಂದೆ 2009ರ ತನಕ, ತೊಂಬತ್ತೈದು ವರ್ಷ ಬದುಕಿದ. ಅವನ ಮಕ್ಕಳು ಜಗತ್ತಿಗೇ ಆ ವಿದ್ಯೆ ಕಲಿಸಿದರು.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಟಿವಿಗೆ ಬಂದ ಹೊಸತರಲ್ಲಿ ಒಂದು ರಾತ್ರಿ ಇಂಥದ್ದೇ ಒಂದು ತುಣುಕು ಡೆಸ್ಕಿಗೆ ಬಂತು. ಯಾವುದೋ ದೇಶದ ಪಂದ್ಯ, ಕೈ ಮುರಿಯೋ ದೃಶ್ಯ. ಒಂಬತ್ತು ಸೆಕೆಂಡು. "ಸರ್, ಲೂಪ್‌ಗೆ ಹಾಕ್ಲಾ?" ಅಂತ ಎಡಿಟಿಂಗ್ ಹುಡುಗ ಕೇಳಿದ. ಹಾಕು ಅಂದೆ. ಹತ್ತು ನಿಮಿಷದಲ್ಲಿ ಎಷ್ಟು ಸಲ ಮುರಿಯಿತೋ ಆ ಕೈ! ಮರುದಿನ ಜಮಖಂಡಿಯಿಂದ ಫೋನ್ ಬಂತು. "ಈಗೂ ಮುರದದ್ದನ್ನ ನೋಡ್ಲಿಕತ್ತಿ ಏನಪಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇವತ್ತು ಬೆಂಗಳೂರಿನಲ್ಲಿ, ನಮ್ಮ ಬೇರೆ ಊರುಗಳಲ್ಲೂ ಎಂಎಂಎ ಕಲಿಸೋ ಜಿಮ್‌ಗಳಿವೆ. ನಿಮ್ಮ ಮಗ ಸೇರ್ತೀನಿ ಅಂದರೆ, ಮಗಳು ಸೇರ್ತೀನಿ ಅಂದರೆ, ಬೇಡ ಅನ್ನಬೇಡಿ. ಒಳ್ಳೆಯ ವಿದ್ಯೆ ಅದು. ದೇಹಕ್ಕೂ ಒಳ್ಳೆಯದು, ಜಂಭ ಇಳಿಯೋಕೂ ಒಳ್ಳೆಯದು. ಆದರೆ ಫೀಸು ಎಷ್ಟು ಅಂತ ಕೇಳೋ ಮುಂಚೆ ಕೋಚ್‌ನ ಒಂದು ಮಾತು ಕೇಳಿ. ಹುಡುಗ ತಟ್ಟಲಿಲ್ಲ ಅಂದರೆ ಇಲ್ಲಿ ಯಾರು ನಿಲ್ಲಿಸ್ತಾರೆ? ಕೋಚ್ ತಡವರಿಸದೆ "ನಾನು" ಅಂದರೆ ಸೇರಿಸಿ. "ನಮ್ಮ ಹುಡುಗರು ತಟ್ಟೋದೇ ಇಲ್ಲ ಸರ್" ಅಂತ ಎದೆ ಉಬ್ಬಿಸಿದರೆ, ಚಪ್ಪಲಿ ಹಾಕ್ಕೊಂಡು ವಾಪಸ್ ಬನ್ನಿ.

ಟೊರಾಂಟೊದ ಆ ತುಣುಕು ಈಗಲೂ ಇಂಟರ್ನೆಟ್‌ನಲ್ಲಿದೆ. ಹೋದ ವಾರ ಮತ್ತೆ ಹಾಕಿದೆ. ಈ ಸಲ ಮೂಳೆ ಮುರಿಯೋ ಜಾಗಕ್ಕಿಂತ ಮುಂಚೆಯೇ ನಿಲ್ಲಿಸಿದೆ. ಬೀಗ ಬಿದ್ದಿದೆ, ತಿರುಚೋದು ಶುರುವಾಗಿದೆ, ಒಂದು ಕೈ ಇನ್ನೂ ಖಾಲಿ ಇದೆ. ತಟ್ಟಬಹುದಾಗಿದ್ದ ಆ ಕೈಯನ್ನೇ ತುಂಬಾ ಹೊತ್ತು ನೋಡ್ತಾ ಕೂತಿದ್ದೆ.